ಹತ್ತೊಂಬತ್ತಕ್ಕೆ ನಿಂತ ಲೆಕ್ಕ

ಮೂಡಣ ಇನ್ನೂ ಕೆಂಪೇರಿಲ್ಲ. ಕನ್ನೊಳ್ಳಿಯಲ್ಲಿ ಜೋಳ ಕೀಳುವ ಸುಗ್ಗಿ; ಬಿಸಿಲು ಚುರುಕಾಗುವ ಮುಂಚೆ ಹೊಲ ಮುಟ್ಟಬೇಕೆಂದು ಹೆಂಗಸರು ರೊಟ್ಟಿಯ ಗಂಟು ಕಟ್ಟುತ್ತಿದ್ದಾರೆ. ಊರ ಅಂಚಿನ ಮನೆಯ ಕಟ್ಟೆಯ ಮೇಲೆ ಸುವರ್ಣಾ ಕೂತಿದ್ದಾರೆ. ತೊಡೆಯ ಮೇಲೆ ಆರು ಪುಟದ ಫಾರಮು, ಎಡಗೈಯಲ್ಲಿ ಮೊಬೈಲಿನ ಬೆಳಕು. ಎದುರಿಗೆ ಗುರಣ್ಣ. ಎಂಟು ದಿನದ ಹಿಂದೆ ಒಣಗಿದ ಜೋಳದ ಕಣಿಕೆಯ ಸೂಡು ಎತ್ತುವಾಗ ಅವರ ಬಲಗೈಗೆ ಹಾವು ಕಚ್ಚಿದೆ. ಆಸ್ಪತ್ರೆಯಿಂದ ನಿನ್ನೆ ಸಂಜೆ ಮನೆಗೆ ಬಂದಿದ್ದಾರೆ. ಮೊಳಕೈವರೆಗೂ ಚರ್ಮ ಕಪ್ಪಿಟ್ಟು ಬಿರಿದಿದೆ.

"ಬೇವಿನ ಎಲಿ ತಿನ್ನಿಸಿದ್ರೇನ್ರಿ ಮಾವ?" ಎಂದು ಸುವರ್ಣಾ ಕೇಳುತ್ತಾರೆ.

"ತಿನ್ನಿಸಿದ್ರಲ್ಲ. ಮೆಣಸಿನಕಾಯೀನೂ ತಿನ್ನಿಸಿದ್ರು."

"ಕಹಿ ಹತ್ತಿತೋ ಇಲ್ಲೋ?"

"ಹತ್ತಲಿಲ್ಲ. ಅಂದ್ರ ವಿಷ ಏರೇತಿ ಅಂತ ಮತ್ತೊಂದು ಹಿಡಿ ತಂದ್ರು."

"ಮತ್ತೊಂದು ಹಿಡಿ ತರೂದರಾಗ ಎಷ್ಟೊತ್ತು ಹೋತು?"

ಗುರಣ್ಣ ಯೋಚಿಸುತ್ತಾರೆ. ಒಳಗಿನಿಂದ ಹೆಂಡತಿಯ ದನಿ ಬರುತ್ತದೆ: "ಅರ್ಧ ತಾಸು ಹೋತವ್ವ! ಗಿಡಾ ಏರಿದಾಂವ ಇಳೀಲೇ ಇಲ್ಲ." ಸುವರ್ಣಾ ಬರೆದುಕೊಳ್ಳುತ್ತಾರೆ: ಮೂವತ್ತು ನಿಮಿಷ. ಬೇವಿನ ರುಚಿ ಅವರಿಗೆ ಬೇಕಿಲ್ಲ. ಕಚ್ಚಿದ ಗಳಿಗೆಗೂ ಸೂಜಿ ಚುಚ್ಚಿದ ಗಳಿಗೆಗೂ ನಡುವೆ ಹೊತ್ತು ಎಲ್ಲೆಲ್ಲಿ ಸೋರಿತು ಎಂಬುದಷ್ಟೇ ಬೇಕು.

ನಲವತ್ತಾರು ವರ್ಷದ ಸುವರ್ಣಾರನ್ನು ನಾಲ್ಕು ತಾಲೂಕಿನ ಜನ ‘ಹಾವಿನಕ್ಕ’ ಎನ್ನುತ್ತಾರೆ. ಅವರು ಹಾವು ಹಿಡಿಯುವವರಲ್ಲ. ಹಾವು ಕಂಡರೆ ಊರಿಗೆಲ್ಲ ಕೇಳುವಂತೆ ಚೀರುತ್ತಾರಂತೆ. ಸಿಂದಗಿಯಲ್ಲಿ ವೈದ್ಯ ಬಸಂತರಾಯರು ತಮ್ಮ ದವಾಖಾನೆಯ ಹಿಂದಿನ ಎರಡು ಕೋಣೆಯಲ್ಲಿ ನಡೆಸುವ ಸಂಶೋಧನೆಗೆ ಅವರು ಕ್ಷೇತ್ರ ಸಹಾಯಕಿ. ಇಂಡಿ ತಾಲೂಕಿನ ಲಿಂಬೆ ತೋಟ, ಸಿಂದಗಿಯ ತೊಗರಿ ಹೊಲ, ಮುದ್ದೇಬಿಹಾಳದ ಕಬ್ಬಿನ ಗದ್ದೆ, ಬಾಗೇವಾಡಿಯ ಕಲ್ಲಿನ ಒಡ್ಡು ಎಲ್ಲ ಸೇರಿ ನೂರಾ ಹನ್ನೆರಡು ಹಳ್ಳಿ. ಹಾವು ಕಚ್ಚಿದ ಪ್ರತಿ ಮನೆಗೂ ಹೋಗಿ ಕೇಳಿ ಬರೆಯಬೇಕು. ಈಗ ಸಿಗುವ ಔಷಧಿ ಇಲ್ಲಿಯ ಹಾವಿನ ವಿಷಕ್ಕೆ ಎಷ್ಟರಮಟ್ಟಿಗೆ ನಾಟುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಐದು ವರ್ಷದ ಮುರಿಯದ ಲೆಕ್ಕ ಬೇಕು. ನಾಲ್ಕು ವರ್ಷದ್ದು ಕೂಡಿದೆ. ಐದನೆಯದಕ್ಕೆ ಹಣವಿಲ್ಲ. ಈ ತಿಂಗಳ ಮೂವತ್ತೊಂದಕ್ಕೆ ಎರಡು ಕೋಣೆಗೂ ಬೀಗ ಬೀಳಲಿದೆ.

ಹಣ ತರುವ ಕೆಲಸವೂ ಸುವರ್ಣಾರದ್ದೇ. ಅದು ಅವರ ನೇಮಕದ ಕಾಗದದಲ್ಲಿ ಇಲ್ಲ.

ಅಪ್ಪ ಭೀಮಶ್ಯಾ ಸಿಂದಗಿ ಬಜಾರಿನಲ್ಲಿ ತೊಗರಿ ಚೀಲ ಹೊರುವ ಹಮಾಲ. ಬುದ್ಧ ವಿಹಾರದ ಪಡಸಾಲೆಯಲ್ಲಿ ಹಿರಿಯರೊಬ್ಬರು ಕಲಿಸಿದ ಇಂಗ್ಲಿಷು, ಪಿಯುಸಿ, ಆಮೇಲೆ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಹದಿನಾರು ವರ್ಷ ಟೈಪಿಂಗು. ಬಸಂತರಾಯರು ತಮ್ಮ ಮೊದಲ ಅರ್ಜಿಯನ್ನು ಅಲ್ಲಿಗೇ ಟೈಪಿಗೆ ಕೊಟ್ಟಿದ್ದು. ಮರುದಿನ ಬಂದಾಗ ಸುವರ್ಣಾ ಹಾಳೆಯ ಜೊತೆ ಒಂದು ಚೀಟಿಯನ್ನೂ ಕೈಗಿಟ್ಟರು. ಅರ್ಜಿಯಲ್ಲಿ ಏಳು ಹಳ್ಳಿಗಳ ಹೆಸರು ಬೇರೆ ತಾಲೂಕಿನ ಕೆಳಗೆ ಬಿದ್ದಿವೆ ಎಂದು ಅದರಲ್ಲಿತ್ತು. ರಾಯರು ಅವರನ್ನೇ ಕೆಲಸಕ್ಕೆ ಕರೆದುಕೊಂಡರು.

"ಅರ್ಜಿ ಬರಿಯೂದು ಯಾರೂ ಕಲಿಸಿಲ್ರಿ. ಮಂದಿ ಅರ್ಜಿ ಟೈಪ್ ಮಾಡಿ ಮಾಡೀನ ಕಲತೇನಿ. ಯಾವ್ದು ತಿರುಗಿ ಬರತಿತ್ತು, ಯಾವ್ದು ಬರತಿರಲಿಲ್ಲ ಅಂತ ನೋಡ್ಕೋತಿದ್ದೆ" ಎನ್ನುತ್ತಾರೆ.

ದವಾಖಾನೆಯ ಹಿಂದಿನ ಕೋಣೆಯ ಗೋಡೆಯಲ್ಲಿ ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಬೆನ್ನು ತಿರುಗಿಸಿ ನೇತಾಡುತ್ತಿದೆ. ಬಿಳಿಯ ಆ ಬೆನ್ನಿನ ಮೇಲೆ ಸುವರ್ಣಾ ಮಳೆಯ ನಕ್ಷತ್ರಗಳನ್ನು ಬರೆದು, ಒಂದೊಂದರ ಮುಂದೆ ಹಣ ಕೊಡಬಹುದಾದವರ ಒಂದೊಂದು ಹೆಸರು ಹಾಕಿದ್ದಾರೆ. ರೋಹಿಣಿಗೆ ಮೊದಲು ಕಂಪನಿಗಳಿಗೆ ಪತ್ರ ಹೋಗಬೇಕು. ಮಘಾ ಮಳೆ ಮುಗಿಯುವುದರೊಳಗೆ ದಿಲ್ಲಿಯ ಅರ್ಜಿ. ಉತ್ತರಿಯಲ್ಲಿ ಸರಕಾರದ ಕಡತ ಎಲ್ಲಿ ಕೂತಿದೆ ಎಂದು ಹುಡುಕಿಕೊಂಡು ಬರಬೇಕು. ಸ್ವಾತಿ ಹೋಗುವ ಮುಂಚೆ ಬೆಂಗಳೂರಿನ ಪ್ರತಿಷ್ಠಾನ. ಯಾರು ಏನು ಕೇಳುತ್ತಾರೆ, ಕಳೆದ ಸಲ ಯಾಕೆ ಬೇಡವೆಂದರು, ಈ ಸಲ ಯಾವ ಮಾತನ್ನು ಮುಂದಿಡಬೇಕು ಎಲ್ಲವೂ ಅಲ್ಲೇ, ಸಣ್ಣ ಅಕ್ಷರದಲ್ಲಿ.

"ಒಬ್ಬರನ್ನ ನಂಬಿ ಕುಂತ್ರ ಮುಗೀತ್ರಿ. ಹೊಲದಾಗ ಜೋಳದ ನಡುವ ಕುಸುಬಿ ಸಾಲು ಹಾಕೂದಿಲ್ಲೇನು, ಹಂಗ. ಒಂದು ಹೋದ್ರ ಒಂದು ಕೈ ಹಿಡೀತೈತಿ." ಆಮೇಲೆ ತಾವೇ ನಗುತ್ತಾರೆ. "ತ್ರಾಸು ಏನಂದ್ರ, ಹಾವೂ ಅರ್ಜೀನೂ ಕೂಡೇ ಹೊರಗ ಬೀಳತಾವು. ಮಳಿಗಾಲದಾಗ ದಿನಾ ಒಂದು ಮನಿ ಕೇಳಿ ಬರಬೇಕು, ಸಂಜೀಕ ಬಂದು ಇಂಗ್ಲಿಷ್ನಾಗ ಅವರಿಗಿ ಒಪ್ಪೂಹಂಗ ಬರೀಬೇಕು."

ಕಳೆದ ವರ್ಷ ಯಾವ ಸಾಲೂ ಕೈ ಹಿಡಿಯಲಿಲ್ಲ. ಒಂದು ಕಂಪನಿಯವರು ಒಪ್ಪುವ ಹಾಗಿದ್ದರು. ಫಲಾನುಭವಿಗಳ ನಗುಮುಖದ ಹತ್ತು ಫೋಟೊ ಕಳಿಸಿ ಎಂದರು. ಸುವರ್ಣಾರ ಬಳಿ ಇದ್ದ ಫೋಟೊಗಳಲ್ಲಿ ನಗುವವರು ಯಾರೂ ಇರಲಿಲ್ಲ. ದಿಲ್ಲಿಯವರ ನಿಯಮದಂತೆ ಮುಖ್ಯ ಸಂಶೋಧಕರ ವಯಸ್ಸು ಅರವತ್ತು ದಾಟಬಾರದು, ಬಸಂತರಾಯರಿಗೆ ಎಪ್ಪತ್ತೆರಡು. ಸರಕಾರದ ಕಡತ ಮೂರನೆಯ ಮೇಜಿನಿಂದ ಎರಡನೆಯ ಮೇಜಿಗೆ ಹಿಂದೆ ಬಂದಿತ್ತು. ಉಳಿದದ್ದು ಪ್ರತಿಷ್ಠಾನವೊಂದೇ. ಅವರ ಹೊಸ ಷರತ್ತು ಒಂದೇ ಸಾಲಿನದು: ಆಯ್ದ ಹಳ್ಳಿಗಳಲ್ಲಿ ವರ್ಷಕ್ಕೆ ಕನಿಷ್ಠ ಇಪ್ಪತ್ತು ಖಚಿತ ಸಾವು ದಾಖಲಾಗಿರಬೇಕು.

ಮೊದಲ ವರ್ಷ ಮೂವತ್ತೊಂದು ಮಂದಿ ಸತ್ತಿದ್ದರು. ಎರಡನೆಯ ವರ್ಷ ಇಪ್ಪತ್ತೇಳು, ಮೂರನೆಯ ವರ್ಷ ಇಪ್ಪತ್ತೆರಡು. ಕಳೆದ ವರ್ಷ ಹತ್ತೊಂಬತ್ತು.

ಇಳಿದದ್ದು ತಾನಾಗಿ ಅಲ್ಲ. ಎರಡನೆಯ ವರ್ಷದಿಂದ ಸುವರ್ಣಾ ಹೋದಲ್ಲೆಲ್ಲ ಒಬ್ಬೊಬ್ಬ ಟಂಟಂ ಆಟೊ ಚಾಲಕನನ್ನು ಗುರುತು ಮಾಡಿಟ್ಟರು. ಕರೆದರೆ ಯಾವ ಹೊತ್ತಿಗೂ ಬರಬೇಕು, ನಡುವೆ ಗುಡಿ, ಮಂತ್ರದವನ ಮನೆ ಎಲ್ಲಿಯೂ ಗಾಡಿ ನಿಲ್ಲಬಾರದು, ನೇರ ಆಸ್ಪತ್ರೆ. ಅಂಥ ಮೂವತ್ತೆಂಟು ಚಾಲಕರ ನಂಬರು ಹಳ್ಳಿಗಳ ಹಿಟ್ಟಿನ ಗಿರಣಿಯ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆಯಲಾಗಿದೆ. ಇದು ಸಂಶೋಧನೆಯ ಭಾಗವಲ್ಲ. ಯಾವ ಅರ್ಜಿಯಲ್ಲೂ ಇಲ್ಲ.

"ಎಣಸಾಕ ಹೋದಾಕಿ ಎಣಿಸಿ ಸುಮ್ನ ಹ್ಯಾಂಗ ಬರೂದ್ರಿ?" ಎಂದು ಸುವರ್ಣಾ ಕೇಳುತ್ತಾರೆ.

ಅವರಲ್ಲಿ ಮೊದಲನೆಯವ ಸಿಂದಗಿಯ ಅಯೂಬ. ಇಂದೂ ಕನ್ನೊಳ್ಳಿಗೆ ಕರೆತಂದವನು ಅವನೇ. ಸ್ಟೇರಿಂಗಿನ ಮೇಲೆ ಗದ್ದ ಊರಿ ಕೂತು ಕೆಣಕುತ್ತಾನೆ: "ಅಕ್ಕಾ, ನಿನ್ನ ಕೂಡಿಸ್ಕೊಂಡು ಬಂದ್ರ ಬ್ಯಾರೆ ಸೀಟ ಹತ್ತಂಗಿಲ್ಲ. ಯಮನ ತಂಗಿ ಕುಂತಾಳ, ಮುಂದಿನ ಗಾಡಿಗೆ ಬರ್ತೇವಿ ಅಂತಾರ."

"ಯಮ ನಿನ್ನ ಗಾಡಿ ಹತ್ತತಾನೇನಲೇ? ಬ್ರೇಕ್ ನೋಡಿ ಇಳದ ಓಡತಾನ" ಎನ್ನುತ್ತಾರೆ ಸುವರ್ಣಾ.

ಸಾವಾದ ಮನೆಗೆ ಮೂರು ದಿನದೊಳಗೆ ಹೋಗಬೇಕೆಂಬುದು ಅವರ ಕಟ್ಟುಪಾಡು. ನೆನಪು ಹಸಿಯಾಗಿರುತ್ತದೆ ಎಂಬುದು ಒಂದು ಕಾರಣ. ಇನ್ನೊಂದನ್ನು ಅವರು ದನಿ ಏರಿಸದೆ ಹೇಳುತ್ತಾರೆ: "ಸಾವಿನ ಮನ್ಯಾಗ ಯಾರೂ ಜಾತಿ ಕೇಳಂಗಿಲ್ರಿ, ಒಳಗ ಕರೀತಾರ. ಮೂರು ದಿನ ದಾಟಿತಂದ್ರ ನೆನಪಾಗತೈತಿ. ಆಮ್ಯಾಲ ಕಟ್ಟೀ ಮ್ಯಾಲ ಕುಂತ ಕೇಳಬೇಕು."

ಹೀಗೆ ಹೋಗಿ ಕೇಳಿದಾಗ, ಹಾವೆಂದು ಸುದ್ದಿಯಾದ ಎಲ್ಲ ಸಾವೂ ಹಾವಿನದಾಗಿರುವುದಿಲ್ಲ. ಕಳೆದ ವರ್ಷ ಅಂಥ ಏಳು ಫಾರಮು ‘ಹಾವಲ್ಲ’ ಎಂದು ಬದಿಗೆ ಸರಿದವು. ಅವುಗಳಲ್ಲಿ ಒಂದರ ಕಥೆಯನ್ನು ಸುವರ್ಣಾ ಹೇಳಲು ಒಪ್ಪಿದ್ದು, ಆ ಮನೆಯಲ್ಲಿ ನಿಶ್ಚಯವಾಗಿದ್ದ ಮದುವೆ ಮುಗಿದ ಮೇಲೆ. ಯಾವ ತಾಲೂಕು, ಯಾವ ಊರು ಎಂಬುದನ್ನು ಅವರು ಹೇಳಿಲ್ಲ. ಆ ತಾಯಿಯ ನಿಜವಾದ ಹೆಸರನ್ನೂ ಹೇಳಿಲ್ಲ. ಇಲ್ಲಿ ಹನಮವ್ವ ಎಂದು ಕರೆಯೋಣ.

ಹನಮವ್ವನ ಹಿರಿಯ ಮಗಳು ತವರಿಗೆ ಬಂದು ತಿಂಗಳಾಗಿತ್ತು. ಹೊಲಕ್ಕೆ ಹೋದವಳು ಬದುವಿನ ಮೇಲೆ ಬಿದ್ದಿದ್ದಳು. ಹಾವು ಎಂದರು, ಅಂದೇ ಮಣ್ಣು ಮಾಡಿದರು. ಮರುದಿನ ಬೆಳಿಗ್ಗೆ ಸುವರ್ಣಾ ಆ ಮನೆಯ ಒಳಗೆ ಕಾಲಿಟ್ಟಾಗ ಹನಮವ್ವ ಅವರ ರಟ್ಟೆ ಹಿಡಿದು ಅಡುಗೆ ಮನೆಗೆ ಎಳೆದೊಯ್ದಳು.

"ಯವ್ವಾ, ಹಾವ ಕಡದೈತಿ. ಬರಕೋ."

"ಎಲ್ಲಿ ಕಡದಿತ್ತವ್ವ? ಬಾವು ಬಂದಿತ್ತೇನು?"

ಹನಮವ್ವ ಬಾಗಿಲು ಓರೆ ಮಾಡಿದಳು. ಮೂಲೆಯಲ್ಲಿ ಮಗಳ ಸೀರೆ ಮುದ್ದೆಯಾಗಿ ಬಿದ್ದಿತ್ತು. ಅದರಿಂದ ಬರುತ್ತಿದ್ದ ವಾಸನೆ ತೊಗರಿಗೆ ಹುಳ ಸಾಯುವ ಎಣ್ಣೆ ಹೊಡೆಯುವ ಊರಿನವರಿಗೆಲ್ಲ ಗೊತ್ತಿರುವಂಥದು.

"ನೀ ಬರಕೊಂಡ್ರ ಊರು ನಂಬತೈತಿ. ಹಾವಿನಕ್ಕ ಬಂದಿದ್ಲು, ಬರಕೊಂಡ ಹೋದ್ಲು ಅಂತಾರ. ಸಣ್ಣಾಕಿ ಲಗ್ನ ಠರಾವ ಆಗೈತಿ. ಹಾವ ಕಡದ ಸತ್ತಾಕಿ ತಂಗಿ ಅಂದ್ರ ಮನಿ ತುಂಬಿಸ್ಕೋತಾರ. ಇಲ್ಲಂದ್ರ ಇಕಿನೂ ನನ್ನ ಒಲಿ ಮುಂದ ಕೂಡತಾಳ. ನಿನ್ನ ಕಾಲ ಬೀಳತೇನಿ."

ಸುವರ್ಣಾ ಅವಳನ್ನು ಎತ್ತಿ ನಿಲ್ಲಿಸಿ ಹೊರಗೆ ಬಂದರು. ಪಡಸಾಲೆಯಲ್ಲಿ ಹತ್ತು ಹದಿನೈದು ಮಂದಿ ಕೂತಿದ್ದರು. ಅವರೆಲ್ಲರ ನಡುವೆ ಕೂತು, ಬೇರೆ ಯಾವ ಮನೆಯಲ್ಲೂ ಕೇಳುವಂತೆಯೇ, ಗಟ್ಟಿ ದನಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ಎಷ್ಟು ಹೊತ್ತಿಗೆ ಹೊಲಕ್ಕೆ ಹೋದಳು, ಕಾಲಲ್ಲಿ ಚಪ್ಪಲಿ ಇತ್ತೋ ಇಲ್ಲವೋ, ಮೊದಲು ನೋಡಿದವರು ಯಾರು. ಆರೂ ಪುಟ ತುಂಬಿಸಿದರು. ಒಂದೂ ಪ್ರಶ್ನೆ ಬಿಡಲಿಲ್ಲ. ಚಹ ಕುಡಿದು ಎದ್ದರು. ಊರು ನೋಡಬೇಕಾದ್ದನ್ನು ನೋಡಿತು.

ಕೊನೆಯ ಪುಟದ ಕೆಳಗೆ ಒಂದು ಸಣ್ಣ ಚೌಕವಿದೆ. ಒಂದು ಎಂದರೆ ಹಾವು, ಎರಡು ಎಂದರೆ ಹಾವಲ್ಲ, ಮೂರು ಎಂದರೆ ತಿಳಿಯದು. ಊರ ಸೀಮೆ ದಾಟಿದ ಮೇಲೆ ಅಯೂಬನಿಗೆ ಗಾಡಿ ನಿಲ್ಲಿಸಲು ಹೇಳಿ, ಸುವರ್ಣಾ ಆ ಚೌಕದಲ್ಲಿ ಎರಡು ಎಂದು ಬರೆದರು.

ಮೂರು ಎಂದಾದರೂ ಬರೆಯಬಹುದಿತ್ತಲ್ಲ ಎಂದು ಕೇಳಿದರೆ ಸುವರ್ಣಾ ಹೇಳುತ್ತಾರೆ: "ತಿಳೀದು ಅಂತ ಹ್ಯಾಂಗ ಬರೀಲ್ರಿ? ನನಗ ತಿಳದಿತ್ತು. ಹಾವಲ್ಲ ಅನ್ನೂದಷ್ಟ ನನ್ನ ಕೆಲಸ. ಏನಾತು ಅನ್ನೂದು ಆ ತಾಯಿದು."

ಪ್ರತಿಷ್ಠಾನಕ್ಕೆ ಅರ್ಜಿ ಹೋಗಬೇಕಾದ ಕೊನೆಯ ದಿನ ಐದು ಗಂಟೆಗೆ ಅವರ ಜಾಲತಾಣದ ಬಾಗಿಲು ಮುಚ್ಚುವುದಿತ್ತು. ನಾಲ್ಕಕ್ಕೆ ಬಸಂತರಾಯರು ರೋಗಿಗಳನ್ನು ಬಿಟ್ಟು ಹಿಂದಿನ ಕೋಣೆಗೆ ಬಂದರು. ಸಾವಿನ ಸಂಖ್ಯೆಯ ಜಾಗದಲ್ಲಿ ಹತ್ತೊಂಬತ್ತು ಎಂದು ಟೈಪಾಗಿತ್ತು.

"ಒಂದ ಕಡಿಮಿ ಬಿತ್ತಲ್ಲ ಸುವರ್ಣಾ," ಎಂದರು. ಬದಿಗೆ ಸರಿಸಿಟ್ಟ ಫಾರಮುಗಳತ್ತ ಕೈ ತೋರಿಸಿ, "ಆ ಏಳರಾಗ ಒಂದಾದ್ರೂ ಅನುಮಾನದ್ದು ಇರಬಹುದಲ್ಲ? ಇನ್ನೊಮ್ಮೆ ನೋಡು. ನಾಲ್ಕು ವರ್ಷದ್ದು ನೀರಿಗೆ ಹೋಗತೈತಿ."

"ಅನುಮಾನ ನಿಮಗೈತಿ ಸರ. ನನಗಿಲ್ಲ. ನಾ ಏಳೂ ಮನಿ ಒಳಗ ಹೋಗಿ ಬಂದಾಕಿ."

"ನನಗೂ ಗೊತ್ತೈತವ್ವ. ವಯಸ್ಸಾತು, ಬಾಯಿ ತಪ್ಪತೈತಿ." ಹಿರಿಯರು ಕುರ್ಚಿ ಎಳೆದು ಕೂತು ಸಹಿ ಹಾಕಿದರು. ನಾಲ್ಕೂ ಇಪ್ಪತ್ತಕ್ಕೆ ಅರ್ಜಿ ಹೋಯಿತು.

ಉತ್ತರ ಬಂದದ್ದು ಮೊನ್ನೆ. ನಿಮ್ಮ ಪ್ರದೇಶದಲ್ಲಿ ಸಮಸ್ಯೆ ಇಳಿಮುಖವಾಗಿರುವುದು ಸಂತೋಷದ ಸಂಗತಿ. ಆದ್ದರಿಂದ ಈ ಸಾಲಿನ ಮಾನದಂಡಕ್ಕೆ ನಿಮ್ಮ ಅರ್ಜಿ ಹೊಂದುವುದಿಲ್ಲ. ಸುವರ್ಣಾ ಅದನ್ನು ಎರಡು ಸಲ ಓದಿ ಕಡತಕ್ಕೆ ಹಚ್ಚಿದರು. ಇನ್ನಿಬ್ಬರು ಸಹಾಯಕರಲ್ಲಿ ಪ್ರೇಮಕುಮಾರ ವಿಜಯಪುರದ ಔಷಧಿ ಅಂಗಡಿಯೊಂದಕ್ಕೆ ಸೇರಿಕೊಂಡಿದ್ದಾನೆ, ಶೈಲಶ್ರೀ ಗಂಡನ ಊರಿಗೆ ಹೋಗಿದ್ದಾಳೆ. ಆಸ್ಪತ್ರೆಗಳಿಂದ ತಂದ ರಕ್ತದ ಮಾದರಿಯ ಸೀಸೆಗಳು ತಣ್ಣನೆ ಪೆಟ್ಟಿಗೆಯಲ್ಲಿವೆ. ಕೋಣೆಗೆ ಬೀಗ ಬಿದ್ದ ಮೇಲೆ ಅವನ್ನು ಎಲ್ಲಿಡಬೇಕೆಂದು ಯಾರಿಗೂ ಗೊತ್ತಿಲ್ಲ. ಏಪ್ರಿಲ್ ಒಂದರಿಂದ ಸುವರ್ಣಾ ಮತ್ತೆ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾರೆ. ರವಿವಾರ ಮಾತ್ರ ಹಳ್ಳಿ. ನೂರಾ ಹನ್ನೆರಡು ಆಗುವುದಿಲ್ಲ. ಬಸ್ಸು ಹೋಗುವ ಮೂವತ್ತು ನಲವತ್ತು ಆದೀತು. ಅಷ್ಟರಿಂದ ಐದನೆಯ ವರ್ಷದ ಲೆಕ್ಕ ಆಗುವುದಿಲ್ಲವೆಂದು ಅವರಿಗೆ ಬೇರೆ ಯಾರೂ ಹೇಳಬೇಕಿಲ್ಲ.

ಆದರೂ ಬರುವ ವರ್ಷದ ಹಂಚಿಕೆ ಹಾಕಿಟ್ಟಿದ್ದಾರೆ. ಬಸಂತರಾಯರ ಬದಲಿಗೆ ಮುಖ್ಯ ಸಂಶೋಧಕರಾಗಿ ನಿಲ್ಲಬಲ್ಲ ಕಾಲೇಜಿನ ಉಪನ್ಯಾಸಕರೊಬ್ಬರನ್ನು ಇಂಡಿಯಲ್ಲಿ ಎರಡು ಸಲ ಕಂಡು ಬಂದಿದ್ದಾರೆ. ಅವರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಸಾವು ಇಷ್ಟಿರಲೇಬೇಕು ಎನ್ನುವವರ ಹೆಸರನ್ನು ಸುವರ್ಣಾ ಪಟ್ಟಿಯಿಂದ ತೆಗೆದಿದ್ದಾರೆ. ಪಟ್ಟಿ ಸಣ್ಣದಾಗಿದೆ.

ಗುರಣ್ಣನ ಮನೆಯಲ್ಲಿ ಈಗ ಬೆಳಕಾಗಿದೆ. ಹೆಂಗಸರು ಹೊಲಕ್ಕೆ ನಡೆದಾಯಿತು. ಫಾರಮು ಚೀಲಕ್ಕೆ ಸೇರಿಸುತ್ತಿದ್ದ ಸುವರ್ಣಾರನ್ನು ಗುರಣ್ಣ ಕೇಳುತ್ತಾರೆ: "ಇದು ಬಂದ್ ಆಗತೈತಂತಲ್ಲ ತಂಗಿ? ಮುಂದ ಯಾರು ಬರಕೋತಾರ?"

"ಯಾರೂ ಇಲ್ರಿ ಮಾವ. ಬರಿಯೋರು ಇಲ್ಲಂದ್ರ ಕಾಗದದ ಮ್ಯಾಲ ಸಾವು ಸೊನ್ನಿ ಆಗತೈತಿ," ಎನ್ನುತ್ತಾರೆ ಸುವರ್ಣಾ. "ಸೊನ್ನಿ ಆಗಲಿ ಅನ್ನೂದ ನನ್ನ ಆಸೇನೂ. ಆದ್ರ ಮನಿ ಮನಿ ತಿರುಗಿ ಬಂದು, ನನ್ನ ಕೈಯಾರೆ ಬರೀಬೇಕು ಅದನ್ನ."