ಕತ್ತರಿ ಕೊಟ್ಟ ಮಾತು

ಹೊಲಿಗೆ ಅಂಗಡಿಯಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಕೈಯಲ್ಲಿದ್ದದ್ದಕ್ಕಿಂತ ಬಾಯಲ್ಲಿದ್ದದ್ದೇ ಹರಿತ. ಇಂಥವಳು ಸನ್ಯಾಸಿನಿಯಾಗಲು ಕಾನ್ವೆಂಟ್ ಸೇರುತ್ತೇನೆಂದಾಗ ನೆರೆಹೊರೆಯವರು ಮರುಗಿದ್ದು ಅವಳಿಗಾಗಿ ಅಲ್ಲ, ಕಾನ್ವೆಂಟಿಗಾಗಿ.

"ಗಂಡು ಸಿಗಲಿಲ್ಲ ಅಂತ ದೇವರ ಕೊರಳಿಗೆ ಬೀಳ್ತಿದಾಳೆ," ಎಂದಳು ಅತ್ತಿಗೆ.

"ಸಿಕ್ಕಿದ್ರೆ ನಿಮ್ಮ ಹಾಗೇ ಇರ್ತಿದ್ದೆ ಅಲ್ವಾ ಅತ್ತಿಗೆ? ಅದಕ್ಕೇ ಹುಡುಕ್ಲೇ ಇಲ್ಲ."

ವರ್ಷಗಳ ತರಬೇತಿ ಮುಗಿಸಿ, ಪೀಠದ ಮುಂದೆ ನಿಂತು ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ಕೈಗೊಂಡಳು. ಬಡತನ ಹುಟ್ಟಿನಿಂದಲೇ ಅಭ್ಯಾಸ. ಬ್ರಹ್ಮಚರ್ಯಕ್ಕೆ ಅಣ್ಣ-ಅತ್ತಿಗೆಯ ಸಂಸಾರವೇ ಬೇಕಾದಷ್ಟು ಪಾಠ ಹೇಳಿತ್ತು. ವಿಧೇಯತೆ ಮಾತ್ರ ಬಿಸಿತುಪ್ಪ. ನುಂಗುವಾಗ ಕಣ್ಣಲ್ಲಿ ನೀರು ಬಂತು. ನೋಡಿದವರು, "ಎಂಥಾ ಭಕ್ತಿ!" ಎಂದು ತಾವೂ ಕಣ್ಣೊರೆಸಿಕೊಂಡರು.

ಕಾನ್ವೆಂಟಿನ ಹೊಲಿಗೆ ಶಾಲೆ ಅವಳ ಕೈಯಲ್ಲಿ ಚಿಗುರಿತು. ಇನ್ನೇನು ತನ್ನದೇ ರಾಜ್ಯ ಎನ್ನುವಷ್ಟರಲ್ಲಿ, ವಯಸ್ಸಿನಲ್ಲಿ ಅವಳಿಗಿಂತ ಕಿರಿಯರಾದ ಹೊಸ ಮುಖ್ಯಸ್ಥೆ ಮದರ್ ಕರೆಸಿದರು.

"ನಾಳೆಯಿಂದ ನೀವು ಹಾಸಿಗೆ ಹಿಡಿದಿರೋ ಹಿರಿಯ ಸಿಸ್ಟರ್‌ನ ನೋಡ್ಕೊಳ್ಳಿ. ದೇವರ ಚಿತ್ತ."

"ದೇವರು ನಿಮ್ಮ ಹತ್ರ ಮಾತ್ರ ಮಾತಾಡೋದಾ ಮದರ್? ನನಗೆ ಏನೂ ಹೇಳ್ಲಿಲ್ಲ."

ಮದರ್ ನಕ್ಕರು. ಆದೇಶ ಬದಲಾಗಲಿಲ್ಲ.

ಆ ಹಿರಿಯ ಸಿಸ್ಟರ್ ಜೀವನವಿಡೀ ಹೊಸಬರಿಗೆ ವಿಧೇಯತೆಯ ಪಾಠ ಹೇಳಿದವರು. ಈಗ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕುಡಿಸಿದ ಔಷಧಿಯನ್ನು ಕತ್ತರಿಯ ಬಿಳಿ ಉಡುಪಿಗೇ ಉಗಿಯುತ್ತಿದ್ದರು. ಒಂದು ಬೆಳಿಗ್ಗೆ ಅವಳು ಚೀಲ ಹಿಡಿದು ಹೊರಟೇಬಿಟ್ಟಳು.

"ಎಲ್ಲಿಗೆ?" ಎಂದರು ಮುದುಕಿ.

"ಮನೆಗೆ."

"ಅಲ್ಲಿ ಯಾರ ಮಾತು ಕೇಳ್ತೀಯ?"

ಅತ್ತಿಗೆಯ ಮುಖ ಕಣ್ಣಮುಂದೆ ಬಂತು. ಕತ್ತರಿ ಚೀಲ ಕೆಳಗಿಟ್ಟಳು. ಮಂಚದ ಪಕ್ಕ ಕೂತು ಕೇಳಿದಳು: "ನಿಮಗೆ ಈ ವಿಧೇಯತೆ ಯಾವಾಗ ಸುಲಭ ಆಯ್ತು ಸಿಸ್ಟರ್?"

"ಸುಲಭಾನಾ? ಒಂದು ದಿನಾನೂ ಇಲ್ಲ. ವ್ರತದ ದಿನ ಹೇಳಿದ 'ಹೂಂ' ಮಾರನೇ ದಿನಕ್ಕೆ ಹಳಸಿರುತ್ತೆ ಕಣೇ. ಎದ್ದು ಮತ್ತೆ ಹೇಳ್ಬೇಕು."

"ಇದನ್ನ ಪಾಠದಲ್ಲಿ ಹೇಳ್ಲೇ ಇಲ್ಲ!"

"ಹೇಳಿದ್ರೆ ನೀವ್ಯಾರೂ ಉಳೀತಿರ್ಲಿಲ್ಲ."

ಅಂದಿನಿಂದ ಇಬ್ಬರೂ ದಿನವೂ ಜಗಳವಾಡಿ, ದಿನವೂ ಔಷಧಿ ಮುಗಿಸಿದರು. ಮುದುಕಿ ತೀರಿಕೊಂಡಾಗ, ಕಾನ್ವೆಂಟಿನಲ್ಲಿ ಜೋರಾಗಿ ಅತ್ತವಳು ಕತ್ತರಿಯೊಬ್ಬಳೇ.

ಹೊಲಿಗೆ ಶಾಲೆ ತಿರುಗಿ ಸಿಗಬಹುದೆಂದು ಆಸೆಪಟ್ಟಳು. ಮದರ್ ಅವಳನ್ನು ಅಡುಗೆಮನೆಗೆ ಹಾಕಿದರು. ಅವಳಿಗೆ ಅನ್ನ ಬೇಯಿಸಲೂ ಬರುತ್ತಿರಲಿಲ್ಲ. ತುಟಿ ಕಚ್ಚಿಕೊಂಡು "ಹೂಂ" ಎಂದಳು. ಮರುದಿನ ಮಧ್ಯಾಹ್ನ ಊಟಕ್ಕೆ ಕೂತ ಮದರ್ ಸಹಿತ ಎಲ್ಲ ಸಿಸ್ಟರುಗಳೂ ವಿಧೇಯತೆ ಎಂದರೇನೆಂದು ಒಂದೊಂದು ತುತ್ತಿಗೂ ಅರಿತುಕೊಂಡರು.