ಕಾಲು ಮುಂದಾಗಿ ಹುಟ್ಟಿದವಳು

ಹಿರಿಯೂರಿನ ಫಿಸಿಯೋಥೆರಪಿ ಕೋಣೆಯಲ್ಲಿ ಬೋರಲು ಮಲಗಿದ ಮೊದಲ ದಿನ ನನಗೆ ನಗು ಬಂತು. ಐವತ್ತು ದಾಟುವ ತನಕ ಹೀಗೆ ಮಲಗುತ್ತಿದ್ದವರು ಬೇರೆಯವರು, ಅದೂ ನನ್ನ ಮುಂದೆ.

ನಮ್ಮೂರು ಯಲ್ಲದಕೆರೆಯ ಹತ್ತಿರ. ಕಾಲು ಮುಂದಾಗಿ ಹುಟ್ಟಿದವರು ಕಾಲು ಸೋಕಿಸಿದರೆ ಸೊಂಟದ ಹಿಡಿತ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಮ್ಮನೆಯಲ್ಲಿ ಹಾಗೆ ಹುಟ್ಟಿದವಳು ನಾನು ಎಂದು ಅವ್ವ ಊರಿಗೆಲ್ಲ ಹೇಳಿದ್ದಳು. ನಾನು ಬಾಯಿ ಮುಕ್ಕಳಿಸುವ ಮುಂಚೆಯೇ ಅಂಗಳದಲ್ಲಿ ಯಾರಾದರೂ ಕಾಯುತ್ತಿರುತ್ತಿದ್ದರು. ಕುರಿ ಎತ್ತಿ ಸೊಂಟ ಹಿಡಿಸಿಕೊಂಡವರು, ಶೇಂಗಾ ಕೀಳಲು ಬಗ್ಗಿ ಹಾಗೇ ಉಳಿದವರು. ಮಾತಾಡಬಾರದು, ನಗಬಾರದು. ಎಡಗಾಲಿನಿಂದ ಬೆನ್ನಿಗೆ ಮೆಲ್ಲಗೆ ಒದ್ದು, ಹಿಂದೆ ತಿರುಗಿ ನೋಡದೆ ಒಳಗೆ ಬರಬೇಕು. ಊರ ಗೌಡರ ಬೆನ್ನಿನ ಮೇಲೆ ಕಾಲಿಡುವ ಹುಡುಗಿ ಎಂದರೆ ಸಾಮಾನ್ಯವೇ? ನನಗೆ ಜಂಬವೋ ಜಂಬ.

ಏಳನೇ ಕ್ಲಾಸು ಮುಗಿದಾಗ ಚಿತ್ರದುರ್ಗದ ಹಾಸ್ಟೆಲಿಗೆ ಹೋಗುತ್ತೇನೆಂದು ಹಟ ಹಿಡಿದೆ.

"ನೀನು ಹೋದ್ರೆ ಊರೋರ ಸೊಂಟ ನೋಡೋರ್ಯಾರೇ?" ಎಂದಳು ಅವ್ವ.

ಆ ಮಾತಿಗೆ ಉಬ್ಬಿಹೋಗಿ ಉಳಿದುಬಿಟ್ಟೆ. ಮುಂದೆ ತಂಗಿ ಅದೇ ಹಾಸ್ಟೆಲಿಗೆ ಹೋದಳು, ಓದಿ ಟೀಚರಾದಳು. ನನ್ನನ್ನು ಊರಲ್ಲೇ ಪಕ್ಕದ ಬೀದಿಗೆ ಮದುವೆ ಮಾಡಿಕೊಟ್ಟರು. ನೀರು ಹೊತ್ತೆ, ಮೇವು ಹೊತ್ತೆ, ಬೆಳಗಾದರೆ ಊರಿನ ಬೆನ್ನು ಒದ್ದೆ.

ಕೊನೆಗೆ ನನ್ನ ಸೊಂಟವೇ ಕೈಕೊಟ್ಟಿತು. ಒದೆಯುವವಳನ್ನು ಒದೆಯುವವರು ಯಾರು ಎಂದು ಊರವರು ತಮಾಷೆ ಮಾಡಿದರು. ತಂಗಿ ಫೋನಿನಲ್ಲೇ ಗದರಿ ಹಿರಿಯೂರಿಗೆ ಕಳಿಸಿದಳು. ಅವ್ವ ಒಂದು ದಿನವೂ ತಪ್ಪಿಸದೆ ಜೊತೆಗೆ ಬಂದಳು. ಈ ವಯಸ್ಸಿನಲ್ಲಿ ಬಸ್ಸು ಹತ್ತಿ ಇಳಿಯುತ್ತಾಳಲ್ಲ, ನನ್ನ ಮೇಲೆ ಎಷ್ಟು ಜೀವ ಎಂದುಕೊಂಡಿದ್ದೆ.

ಫಿಸಿಯೋ ಹುಡುಗಿ ಬೆನ್ನಿಗೆ ಶಾಖ ಕೊಟ್ಟು, ಪಟ್ಟಿಗಳನ್ನು ಅಂಟಿಸಿ ಕರೆಂಟಿನ ಮಿಷನ್ ಹಾಕುತ್ತಿದ್ದಳು. ಇರುವೆ ಹರಿದ ಹಾಗೆ ಜುಮುಜುಮು. ಆ ಹಿತಕ್ಕೆ ದಿನಾ ನಿದ್ದೆ ಹತ್ತುತ್ತಿತ್ತು. ಆವತ್ತು ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿರಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತ ಅವ್ವ, ನಾನು ಮಲಗಿದ್ದೇನೆಂದೇ ತಿಳಿದು ಆ ಹುಡುಗಿಗೆ ಹೇಳತೊಡಗಿದಳು.

"ಊರ ನೋವೆಲ್ಲ ಇವಳಿಗೇ ಹತ್ಕಂಡೈತೆ ಕಣವ್ವ. ಒದ್ದೋರ ಮೈಗೆ ಆ ನೋವು ಏರ್ತೈತೆ ಅಂತ ನಮ್ಮತ್ತೆ ಆವಾಗ್ಲೇ ಹೇಳಿದ್ರು. ಕಾಲು ಮುಂದಾಗಿ ಹುಟ್ಟಿದ್ದು ಇವಳಲ್ಲ, ಚಿಕ್ಕೋಳು. ಎರಡು ಹೆರಿಗೇನೂ ಹೊಸದುರ್ಗದ ತೌರಲ್ಲಾದ್ವು, ಇಲ್ಲಿ ಯಾರಿಗೆ ಗೊತ್ತು? ಚಿಕ್ಕೋಳು ಕಡ್ಡಿ ಹಂಗಿದ್ಲು. ದೊಡ್ಡೋಳು ಗಟ್ಟಿಗಿತ್ತಿ, ತಡ್ಕಂತಾಳೆ ಅಂತ ಇವಳ ಹೆಸರು ಹೇಳ್ಬಿಟ್ಟೆ."

"ಹಂಗೆಲ್ಲ ನೋವು ಹತ್ತಲ್ಲ ಅಜ್ಜಿ. ಭಾರ ಎತ್ತಿ ಎತ್ತಿ ಆಗಿರೋದು ಇದು," ಎಂದಳು ಹುಡುಗಿ.

ಅದು ನನಗೂ ಗೊತ್ತು. ಕಾಲಿನಿಂದ ಹತ್ತಿ ಬರಲು ನೋವೇನು ಗೆದ್ದಲೇ? ಆದರೆ ಅವ್ವ ನಂಬಿದ್ದಳು. ನಂಬಿದ್ದೂ ದಿನಾ ಬೆಳಗ್ಗೆ ನನ್ನನ್ನು ಎಬ್ಬಿಸಿ ಅಂಗಳಕ್ಕೆ ಕಳಿಸಿದ್ದಳು. ಸುಳ್ಳು ಹೇಳಿದ್ದನ್ನು ಮರೆತೇನು, ಹಾಸ್ಟೆಲು ತಪ್ಪಿಸಿದ್ದನ್ನೂ ಹೇಗೋ ನುಂಗಿಕೊಂಡೇನು. ಇದನ್ನು ಹೇಗೆ ನುಂಗಲಿ? ಏಳುವಾಗ ಅವ್ವ ಆಸರೆಗೆ ಕೈ ಚಾಚಿದಳು. ನಾನು ಮಂಚದ ಅಂಚು ಹಿಡಿದು ಎದ್ದೆ.

ಮರುವಾರ ಕೊಡ ಎತ್ತಲು ಹೋಗಿ ಅವ್ವನ ಸೊಂಟವೂ ಹಿಡಿಯಿತು. ಸುದ್ದಿ ತಿಳಿದು ಹೋದರೆ, ಅಂಗಳದಲ್ಲಿ ಚಾಪೆ ಹಾಸಿಕೊಂಡು ಬೋರಲು ಮಲಗಿದ್ದಳು.

"ಒಂದೀಟು ಕಾಲು ಸೋಕ್ಸೇ."

"ನಿನ್ನ ಚಿಕ್ಕ ಮಗಳ್ನ ಕರೆಸ್ಕ. ಕಾಲು ಮುಂದಾಗಿ ಹುಟ್ಟಿದೋಳು ಅವಳಲ್ವಾ?"

ನಾನು ಎಲ್ಲ ಕೇಳಿಸಿಕೊಂಡಿದ್ದೆನೆಂದು ಅವಳಿಗೆ ಆಗ ಗೊತ್ತಾಯಿತು. ಮುಖ ಎತ್ತಲಿಲ್ಲ. ಚಾಪೆಗೆ ಹೇಳಿಕೊಂಡ ಹಾಗೆ ಮೆತ್ತಗೆ ಅಂದಳು:

"ಬ್ಯಾಡ ಕಣೇ. ಅವಳಿಗೆ ಹತ್ಕಂಡ್ರೆ?"

ನಾನು ಚಪ್ಪಲಿ ಮೆಟ್ಟಿಕೊಂಡು ಹಿರಿಯೂರಿನ ಬಸ್ಸಿಗೆ ಒಬ್ಬಳೇ ಹೊರಟೆ.