ಬಾಳವ್ವನ ಕಾಗದ

ಇದು ನಡೆದದ್ದು ಎಂದು ಆಣೆ ಮಾಡುವುದಿಲ್ಲ. ಆಣೆ ಮಾಡಿಯೇ ಒಮ್ಮೆ ಸುಳ್ಳು ಹೇಳಿದವನು ನಾನು. ಆದರೆ ನಡೆದದ್ದಂತೂ ನಿಜ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಶಿರಹಟ್ಟಿ ಕಡೆಯ ನಮ್ಮ ಹಳ್ಳಿಯಲ್ಲಿ ಸಂಸ್ಥಾನದ ಆಳ್ವಿಕೆ ಮುಗಿದಿತ್ತು. ಗದಗಿನಲ್ಲಿ ಹೈಸ್ಕೂಲು ಓದಿ ಬಂದವನು ಊರಿಗೆ ನಾನೊಬ್ಬನೇ.

ಗೌಡರ ಮೊಮ್ಮಗು ಜ್ವರದಿಂದ ತೀರಿಕೊಂಡಿತು. ಸೂಲಗಿತ್ತಿ ಬಾಳವ್ವ ಮಾಟ ಮಾಡಿದಳೆಂದರು. ಅವಳ ಜೋಳದ ಗಡಿಗೆಯಲ್ಲಿ ಒಂದು ಕಾಗದ ಸಿಕ್ಕಿತು. ಸಂಜೆ ಚಾವಡಿಯಲ್ಲಿ, ಕಂದೀಲಿನ ಬೆಳಕಿನಲ್ಲಿ, ಅದನ್ನು ನನ್ನ ಕೈಗಿಟ್ಟರು.

“ಓದು ತಮ್ಮಾ. ಮಂತ್ರ ಹೌದಲ್ಲೋ?” ಎಂದರು ಗೌಡರು.

ಕೊಂಡಿ ಕೊಂಡಿಯಾದ ಅಕ್ಷರ... ಒಂದೂ ತಿಳಿಯಲಿಲ್ಲ. ಹಾಗೆಂದು ಹೇಳಲು ನಾಚಿಕೆ.

“ಗಟ್ಟಿಯಾಗಿ ಓದಪಾ,” ಬಾಳವ್ವ ನಕ್ಕಳು. “ನಿನ್ನ ಹೊಕ್ಕಳಬಳ್ಳಿ ಕೊಯ್ದಾಕಿ ನಾನು. ಇಷ್ಟ ಸಾಲಿ ಕಲ್ತಿ, ಓದಾಕ ಬರೂದಿಲ್ಲೇನ?”

ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

“ಈರಭದ್ರನ ಆಣಿ, ಇದು ಮಂತ್ರಾನ ಐತ್ರಿ,” ಎಂದುಬಿಟ್ಟೆ.

ಮಾಟಗಾತಿಯ ಮುಂದಿನ ಹಲ್ಲು ಮುರಿದರೆ ಮಂತ್ರ ಸ್ಪಷ್ಟವಾಗಿ ಹೊರಡದು, ಮಾಟ ಫಲಿಸದು ಎಂಬ ನಂಬಿಕೆ. ಕಲ್ಲಿನಿಂದ ಮುರಿದರು. ಕಂದೀಲು ಹಿಡಿದಿದ್ದವನು ನಾನು. ಅವಳು ಅಳಲಿಲ್ಲ. ರಕ್ತ ಉಗುಳಿ ನನ್ನನ್ನೇ ನೋಡಿ, ತೊದಲುತ್ತ ಅಂದಳು: “ಓದಸ್ತೀನಿ... ನಿನ್ನ ಕಡಿಂದನ ಓದಸ್ತೀನಿ.”

ಸುಡು ಎಂದು ಕಾಗದವನ್ನು ನನಗೇ ಕೊಟ್ಟರು. ಸುಡಲು ಹೆದರಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಆ ರಾತ್ರಿ... ಬಾಣಂತಿ ಕೋಣೆಯ ಅಜವಾನದ ಹೊಗೆ ಮೂಗಿಗೆ ಬಡಿಯಿತು. ನಮ್ಮ ಮನೆಯಲ್ಲಿ ಬಾಣಂತಿಯರು ಯಾರೂ ಇರಲಿಲ್ಲ. ಬಾಗಿಲಾಚೆ ದನಿ: “ಓದೋ ತಮ್ಮಾ.” ಬಾಳವ್ವನದೇ. ಆದರೆ ತೊದಲೇ ಇಲ್ಲ...

ಅವ್ವನೂ ಎದ್ದು ಕುಳಿತಳು. “ಯಾರಲೇ ಅದು? ಬಾಳಕ್ಕನ ದನಿ ಇದ್ದಂಗ ಐತಲ್ಲ?”

ತೆರೆದರೆ ಯಾರೂ ಇಲ್ಲ. ಹೊಸ್ತಿಲ ಮೇಲೆ ಅದೇ ಕಾಗದ, ಬಿಚ್ಚಿ ಹರಡಿತ್ತು. ಟ್ರಂಕಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು.

ಬೆಳಗ್ಗೆ ಬಾಳವ್ವನ ಗುಡಿಸಲು ಬರಿದಾಗಿತ್ತು. ಮತ್ತೆ ಅವಳನ್ನು ಯಾರೂ ಕಾಣಲಿಲ್ಲ.

ಏಕೀಕರಣದ ವರ್ಷ ಲಕ್ಷ್ಮೇಶ್ವರದ ಮುದಿ ಕಾರಕೂನರೊಬ್ಬರು ಆ ಕಾಗದವನ್ನು ಓದಿ, ಕೆಳಗೆ ಕನ್ನಡದಲ್ಲಿ ಬರೆದುಕೊಟ್ಟರು. ಸಂಸ್ಥಾನದ ಕಚೇರಿಯವರು ಅಕ್ಷರ ಕೂಡಿಸಿ ಬರೆಯುತ್ತಿದ್ದ ಹಳೇ ಮರಾಠಿ ಲಿಪಿ. ಕೆರೆ ಕೆಳಗಿನ ಹೊಲ ಬಾಳವ್ವನದು ಎಂಬ ಸನದು. ಆ ಹೊಲವನ್ನು ಉಳುತ್ತಿದ್ದವರು ಗೌಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ಬಿಡುತ್ತೇನೆ. “ಹಳೇದನ್ನ ಯಾಕ ಕೆದರ್ತಿ ಅಜ್ಜಾ? ಗೌಡರ ಮನಿಯವರು ಸಿಟ್ಟಾಗ್ತಾರ” ಎನ್ನುತ್ತಾನೆ ಮೊಮ್ಮಗ. ಆಗಲಿ. ದಿನಾ ದೀಪ ಹಚ್ಚಿದ ಮೇಲೆ ಚಾವಡಿ ಕಟ್ಟೆಯಲ್ಲಿ ಕುಳಿತು ಆ ಕಾಗದವನ್ನು ಗಟ್ಟಿಯಾಗಿ ಓದುತ್ತೇನೆ. ಹೊಲ ಬಾಳವ್ವನದು. ಬಾಳವ್ವ ಮಾಟಗಾತಿಯಲ್ಲ.

ನನ್ನ ಮುಂದಿನ ಹಲ್ಲುಗಳು ಬಿದ್ದಿವೆ, ಮಾತು ತೊದಲುತ್ತದೆ. ಆದರೆ ನಾನು ನಿಲ್ಲಿಸಿದ ಮೇಲೆ, ಕತ್ತಲಲ್ಲಿ ಯಾರೋ ಅದನ್ನೇ ಮತ್ತೊಮ್ಮೆ ಓದುತ್ತಾರೆ... ಒಂದಕ್ಷರವೂ ತೊದಲದೆ.